ಅಳತೆಗೆ ಸರಿಯಾದ ಅಂಗಿ

ಮಾಸ್ಟರ ಅಂಗಡಿ ಮಹಡಿ ಮೆಟ್ಟಿಲ ಕೆಳಗಿತ್ತು. ಕಟ್ಟಡ ಕಟ್ಟಿಸಿದವನು ಪೊರಕೆ, ಬಕೆಟ್ಟು ಇಡಲಿಕ್ಕೆಂದು ಬಿಟ್ಟ ಜಾಗ. ಅಂಥಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಒಂದು ನಿಲುಗನ್ನಡಿ ಮತ್ತು ಗಂಡಹೆಂಡತಿ ಇಬ್ಬರು ಇಪ್ಪತ್ತೆಂಟು ವರ್ಷ ಹಿಡಿಸಿಕೊಂಡಿದ್ದರು ಅಂದರೆ ಕಣ್ಣಾರೆ ಕಂಡವರು ಮಾತ್ರ ನಂಬುತ್ತಾರೆ. ಬಾಗಿಲ ಹತ್ತಿರ ಆಳೆತ್ತರವಿದ್ದ ಚಾವಣಿ ಒಳಗೆ ಹೋಗುತ್ತಾ ಇಳಿಜಾರಾಗಿ, ಯಂತ್ರದ ಬಳಿ ಎದೆಮಟ್ಟಕ್ಕೆ ಬರುತ್ತಿತ್ತು. ಹತ್ತಿಳಿಯುವವರ ಹೆಜ್ಜೆಯೆಲ್ಲ ನೇರ ತಲೆಯ ಮೇಲೆ. ಹಿಂದುಗಡೆ ಒಂದು ಪರದೆ, ಪರದೆಯಾಚೆ ಮನೆ. ಮನೆ ಅಂದರೆ ಒಂದು ಕೋಣೆ, ಒಂದು ಒಲೆ, ಒಂದು ಮಂಚ.

ಬೀದಿಗೆಲ್ಲ ಅವರು ಮಾಸ್ಟರು. ಟೇಪು ಕುತ್ತಿಗೆಯಲ್ಲಿ ನೇತಾಡುತ್ತಿತ್ತೇ ಹೊರತು ಅದರ ಹಂಗು ಅವರಿಗಿರಲಿಲ್ಲ. ಗಿರಾಕಿ ಬಾಗಿಲಲ್ಲಿ ಬಂದು ನಿಂತ ಕೂಡಲೇ ಮೇಲಿಂದ ಕೆಳಗೆ ಒಂದು ನೋಟ ಹರಿಸಿ, "ಎದೆ ಮೂವತ್ತೆಂಟು, ಸೊಂಟ ಮೂವತ್ತಾರು. ಊಟ ಮಾಡ್ಕೊಂಡ್ ಬಂದಿದ್ದೀರಿ, ಅರ್ಧ ಇಂಚು ಕಳೆದು ಬರ್ಕೊಳ್ತೀನಿ," ಎನ್ನುವರು. "ಅಳೆದೇ ನೋಡಿ ಮಾಸ್ಟರೇ," ಎಂದು ಗಿರಾಕಿ ನಕ್ಕರೆ ಟೇಪು ಸುತ್ತಿ ತೋರಿಸುವರು. ಕಾಲಿಂಚೂ ಆಚೀಚೆ ಆಗುತ್ತಿರಲಿಲ್ಲ. ಪಕ್ಕದಲ್ಲಿ ಗುಂಡಿಗೆ ಕಾಜಾ ಹಾಕುತ್ತಾ ಕೂತ ಹೆಂಡತಿ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟು ಅಳತೆ ಪುಸ್ತಕ ತೆಗೆದು ಬರೆದುಕೊಳ್ಳುವಳು. ಒಬ್ಬೊಬ್ಬರಿಗೆ ಒಂದೊಂದು ಪುಟ, ತಾರೀಖಿನ ಸಮೇತ. ಬೀದಿಯಲ್ಲಿ ಯಾರು ದಪ್ಪಗಾದರು, ಯಾರು ಇಳಿದುಹೋದರು, ಯಾರ ಸೊಸೆ ಬಸುರಿ ಎಂಬುದೆಲ್ಲ ಆ ಪುಸ್ತಕಕ್ಕೆ ಆಯಾ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿತ್ತು.

ಮಾಸ್ಟರಿಗೂ ಅದರಲ್ಲೊಂದು ಪುಟವಿತ್ತು. ಅದನ್ನು ಮಾತ್ರ ಅವರೇ ಬರೆಯುತ್ತಿದ್ದರು. ಟೈಲರ ಮೈಮೇಲಿನ ಅಂಗಿಯೇ ಅವನ ಬೋರ್ಡು ಎಂದು ನಂಬಿದ ಮನುಷ್ಯ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂರಬೇಕು. ತೋಳು ರಟ್ಟೆಯನ್ನು ಹಿಡಿಯಲೂಬಾರದು, ಬಿಡಲೂಬಾರದು. ಸೊಂಟಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮೂರನೆಯದು ಹೋಗಕೂಡದು. ಜ್ವರ ಬಂದು ನಾಲ್ಕು ದಿನ ಮಲಗೆದ್ದರೆ ಮೊದಲು ಸ್ನಾನ, ಆಮೇಲೆ ಸಡಿಲಾದ ಪ್ಯಾಂಟಿನ ಸೊಂಟ ಹಿಡಿಯುವ ಕೆಲಸ, ತಿಂಡಿ ಅದಾದ ಮೇಲೆ. ಜೋಲು ಅಂಗಿ ಹಾಕಿಕೊಂಡ ಟೈಲರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಈ ಅಚ್ಚುಕಟ್ಟುತನವೇ ಮುಂದೆ ಅವರ ಕುತ್ತಿಗೆಗೆ ಬಂತು.

ಕಾಯಿಲೆ ಬಂದದ್ದು ಸದ್ದಿಲ್ಲದೆ. ಐವತ್ತೆರಡನೆಯ ವಯಸ್ಸಿನಲ್ಲಿ ಕಾಲು ಊದಿತು, ಕಣ್ಣು ಹಳದಿಗೆ ತಿರುಗಿತು. ದೊಡ್ಡಾಸ್ಪತ್ರೆಯ ಲಿವರ್ ಡಾಕ್ಟರು, ಯಾವ ಕಾಲದಲ್ಲೋ ರಕ್ತಕ್ಕೆ ಸೇರಿದ ಸೋಂಕು ಒಳಗೊಳಗೇ ಕೆಲಸ ಮಾಡಿ ಲಿವರನ್ನು ಗಂಟುಗಂಟಾಗಿ ಗಟ್ಟಿ ಮಾಡಿಬಿಟ್ಟಿದೆ, ಅದಿನ್ನು ಮೊದಲಿನ ಹಾಗಾಗುವುದಿಲ್ಲ ಎಂದರು. ಬೀದಿ ಮಾತ್ರ ತನ್ನದೇ ತೀರ್ಪು ಕೊಟ್ಟಿತು. ಜೀವಮಾನದಲ್ಲಿ ಸೋಡಾದಾಚೆ ಏನನ್ನೂ ಮುಟ್ಟದ ಮನುಷ್ಯನಿಗೆ, "ಇನ್ನಾದ್ರೂ ಕುಡಿಯೋದು ಬಿಡಿ ಮಾಸ್ಟರೇ," ಎಂದು ಬುದ್ಧಿ ಹೇಳಿದವರಲ್ಲಿ, ದಿನಾ ಸಂಜೆ ಗೋಡೆ ಹಿಡಿದುಕೊಂಡೇ ಮೆಟ್ಟಿಲು ಹತ್ತುವ ಮಹಾಶಯನೂ ಇದ್ದ.

ಹೆಂಡತಿ ಪಥ್ಯಕ್ಕೆ ನಿಂತಳು. ಆಸ್ಪತ್ರೆಯವರು ಉಪ್ಪು ಕಮ್ಮಿ ಮಾಡಿ ಎಂದಿದ್ದರು, ಅಷ್ಟೇ. ಮೇಲ್ಮಹಡಿಯ ಅಜ್ಜಿ ಅದಕ್ಕೆ ತನ್ನದನ್ನೂ ಸೇರಿಸಿದಳು: "ಲಿವರಿಗೆ ಭಾರ ಹಾಕಬಾರ್ದು ಕಣಮ್ಮಾ. ಬೇಳೆ ಬೇಡ, ಮೊಟ್ಟೆ ಬೇಡ, ಹಾಲು ಬೇಡ. ಹೊಟ್ಟೆ ಹಗುರ ಇದ್ದಷ್ಟೂ ಆಯುಸ್ಸು." ಅಂದಿನಿಂದ ತಿಳಿಗಂಜಿ, ಬೇಯಿಸಿದ ತರಕಾರಿ, ಮತ್ತೆ ತಿಳಿಗಂಜಿ. ಗಂಡನ ತಟ್ಟೆಗೆ ಅಪ್ಪಿತಪ್ಪಿಯೂ ಒಂದು ಕಾಳು ಬೀಳದಂತೆ ಆಕೆ ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಉಪವಾಸ ಕೆಡವಿರಲಾರರು.

ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ನೀರು ತುಂಬಿದ ಹೊಟ್ಟೆಯಲ್ಲಿ ಊಟಕ್ಕೆಲ್ಲಿ ಜಾಗ? ನಾಲ್ಕು ತುತ್ತಿಗೇ ಉಸಿರು ಕಟ್ಟುವುದು. ಯಂತ್ರದ ಮುಂದೆ ಬಗ್ಗಿ ಕೂತರೆ ಹೊಟ್ಟೆ ಒತ್ತುತ್ತದೆ, ನೆಟ್ಟಗಾದರೆ ಚಾವಣಿ ತಲೆಗೆ ಬಡಿಯುತ್ತದೆ. ಮಲಗಿದರೆ ಎದೆಯ ಮೇಲೆ ಯಾರೋ ಕೂತ ಹಾಗೆ. ಇಪ್ಪತ್ತೆಂಟು ವರ್ಷ ಅರಮನೆ ಎಂದುಕೊಂಡಿದ್ದ ಆ ಗೂಡಿನಲ್ಲಿ ಮಾಸ್ಟರಿಗೆ ಈಗ ಕೂರಲೂ ಜಾಗವಿಲ್ಲ, ಏಳಲೂ ಜಾಗವಿಲ್ಲ. ಇತ್ತ ಗಿರಾಕಿಗಳು, "ಹೊಟ್ಟೆ ಬಂತಲ್ಲ ಮಾಸ್ಟರೇ, ಯಜಮಾನ್ತಿ ಕೈರುಚಿ ಜೋರು," ಎಂದು ಕಿಚಾಯಿಸುವರು. ಹೆಂಡತಿ ತಲೆ ತಗ್ಗಿಸಿ ಕಾಜಾ ಹಾಕುವಳು.

ಮಾಸ್ಟರು ಏನು ಮಾಡಿದರು? ಜೀವಮಾನವೆಲ್ಲ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ಸೊಂಟ ಬಿಗಿಯಾಯಿತು, ಒಳಗೆ ಮಡಿಸಿಟ್ಟ ಬಟ್ಟೆ ಬಿಚ್ಚಿ ಸಡಿಲ ಮಾಡಿದರು. ತೋಳು ಸಡಿಲಾಯಿತು, ಹಿಡಿದರು. ಭುಜ ಜಾರಿತು, ಹಿಡಿದರು. ಮತ್ತೆ ಸೊಂಟ ಬಿಟ್ಟರು, ಮತ್ತೆ ತೋಳು ಹಿಡಿದರು. ಕನ್ನಡಿಯಲ್ಲಿ ನೋಡಿದರೆ ಅಂಗಿ ಯಾವತ್ತಿನಂತೆ ಮೈಗೆ ಸರಿಯಾಗಿ ಕೂತಿರುತ್ತಿತ್ತು.

ಇದ್ದದ್ದು ಒಬ್ಬಳೇ ಮಗಳು, ಸಿಟಿ ಬಸ್ಸಿನ ಕಂಡಕ್ಟರು. ತೊಟ್ಟಿಲಲ್ಲಿದ್ದಾಗಲೇ ಅವಳ ಗಂಟಲು ಕೇಳಿ ಮಾಸ್ಟರು ಸೀಟಿ ಎಂದು ಕರೆದಿದ್ದರು. ಬೆಳೆದ ಮೇಲೆ ಕೆಲಸವೂ ಅದಕ್ಕೆ ತಕ್ಕದ್ದೇ ಸಿಕ್ಕಿತು. ಹೊಸ ಲಿವರ್ ಹಾಕಬೇಕಾಗುತ್ತದೆ, ಮನೆಯವರು ಯಾರಾದರೂ ತಮ್ಮದರಲ್ಲೊಂದು ಭಾಗ ಕೊಡಬಹುದು, ಕೊಟ್ಟವರದು ಮತ್ತೆ ಬೆಳೆಯುತ್ತದೆ ಎಂದು ಡಾಕ್ಟರು ಇನ್ನೂ ವಿವರಿಸುತ್ತಿದ್ದಾಗಲೇ ಸೀಟಿ, "ನಂದು ತಗೊಳ್ಳಿ," ಎಂದುಬಿಟ್ಟಳು. ಅಮ್ಮನ ರಕ್ತ ಹೊಂದಲಿಲ್ಲ, ಇವಳದು ಹೊಂದಿತು.

"ಬೇಡ," ಎಂದರು ಮಾಸ್ಟರು.

"ಅಪ್ಪಾ, ನೀನು ಸುಮ್ನಿರು. ನಿನ್ನ ಕೇಳ್ಲಿಲ್ಲ."

"ನಿನ್ನ ಹೊಟ್ಟೆ ಕುಯ್ಸಿ ನಾನು ಬದುಕ್ಬೇಕಾ?"

"ಅಮ್ಮ ನನ್ನ ಹೆರೋವಾಗ ಅವಳ ಹೊಟ್ಟೆ ಕುಯ್ಲಿಲ್ವಾ? ಆಗ ಬೇಡ ಅಂದ್ಯಾ?"

ಮಾಸ್ಟರು ಸಹಿ ಹಾಕಿದರು. ಹಾಕಿದರೇ ವಿನಾ ಮನಸ್ಸು ಒಪ್ಪಲಿಲ್ಲ. ಮೂವತ್ತೈದು ವರ್ಷ ಕತ್ತರಿ ಹಿಡಿದವರಿಗೆ ಕತ್ತರಿಸುವುದು ಅಂದರೇನು ಎಂದು ಚೆನ್ನಾಗಿ ಗೊತ್ತು. ಎಷ್ಟು ನಾಜೂಕಾಗಿ ಹೊಲಿದರೂ ಗೆರೆ ಉಳಿಯುತ್ತದೆ. ಹಾಗಂತ ಸಾಯುವ ಧೈರ್ಯವೂ ಇರಲಿಲ್ಲ. ತಾನು ಬದುಕಬೇಕೆಂದರೆ ಮಗಳ ಮೇಲೆ ಚಾಕು, ಬದುಕದಿದ್ದರೆ ಹೆಂಡತಿ ಆ ಮೆಟ್ಟಿಲ ಕೆಳಗೆ ಒಬ್ಬಳೇ. ಯಾವ ಕಡೆ ತಿರುಗಿದರೂ ಗೋಡೆ.

ಆಪರೇಷನ್ನಿಗೆ ಮೊದಲು ರೋಗಿಯ ಮೈಯಲ್ಲಿ ಕಸುವು ಇದೆಯೇ ಎಂದು ನೋಡಬೇಕಿತ್ತು. ಅದಕ್ಕಾಗಿ ಮೂರನೇ ಮಹಡಿಯ ಆಹಾರದ ಕೋಣೆಗೆ ಕಳಿಸಿದರು. ಅಲ್ಲೊಂದು ತೂಕದ ಯಂತ್ರ, ಕೈಯಿಲ್ಲದ ಒಂದು ಕುರ್ಚಿ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೊಟ್ಟೆ, ಪ್ಲಾಸ್ಟಿಕ್ಕಿನ ಬಾಳೆಹಣ್ಣು. ಮೇಜಿನ ಹಿಂದೆ ಕೂತ ಗುಂಗುರು ಕೂದಲಿನ ಡಯಟ್ ಮೇಡಮ್ಮಿನ ಮುಂದೆ ಅವತ್ತು ನಲವತ್ತು ಜನರ ಸಾಲು. ಅವರು ತಲೆಯೆತ್ತದೆ ಕೇಳಿದರು.

"ತೂಕ?"

ನರ್ಸು ಹೇಳಿದಳು, "ಎಪ್ಪತ್ನಾಲ್ಕು."

"ಮೊದಲು ಎಷ್ಟಿತ್ತು?"

"ಎಪ್ಪತ್ತೆರಡು," ಎಂದರು ಮಾಸ್ಟರು.

"ಇಳಿದಿಲ್ಲ. ಒಳ್ಳೇದು. ಇತ್ತೀಚೆಗೆ ಬಟ್ಟೆಗಿಟ್ಟೆ ಲೂಸ್ ಆಗಿದೆಯಾ?"

ಮಾಸ್ಟರಿಗೆ ಅವಮಾನವೇ ಆಯಿತು. ಕತ್ತೆತ್ತಿ, "ನನ್ನ ಬಟ್ಟೆ ಲೂಸಾಗೋದಾ? ನೋಡಿ ಮೇಡಮ್, ನೀವೇ ನೋಡಿ," ಎಂದು ಎರಡು ಕೈಯನ್ನೂ ಚಾಚಿದರು. ಉದ್ದ ತೋಳಿನ ಇಸ್ತ್ರಿ ಅಂಗಿ ಎಲ್ಲೂ ಒಂದು ಸುಕ್ಕಿಲ್ಲದೆ ಕೂತಿತ್ತು. ಮೇಡಮ್ಮು ನೋಡಿ ನಕ್ಕು, ಕಾಗದದ ಮೇಲೆ ಒಂದು ಗೀಟು ಎಳೆದು, ಮುಂದಿನವರನ್ನು ಕರೆದರು.

ಆ ಗೀಟಿನಿಂದಾಗಿ ಮಾಸ್ಟರು ಆಪರೇಷನ್ನಿನ ಸಾಲಿನಲ್ಲಿ ಹಿಂದೆ ಹೋದರು. ಮೈ ಚೆನ್ನಾಗಿದೆ, ಇನ್ನೂ ಸ್ವಲ್ಪ ಕಾಲ ಕಾಯಬಲ್ಲರು, ಇವರಿಗಿಂತ ಕಾಯಿಲೆ ಮುಂದುವರಿದವರು ಮೊದಲಾಗಲಿ ಎಂದು ಡಾಕ್ಟರುಗಳ ಸಭೆಯಲ್ಲಿ ತೀರ್ಮಾನವಾಯಿತು. ಆರು ತಿಂಗಳು ಕಳೆಯಿತು. ಮನೆಯಲ್ಲಿ ತಿಳಿಗಂಜಿ ಮುಂದುವರಿಯಿತು.

ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬರು ಕೋಟಿನ ಬಟ್ಟೆ ತಂದಿದ್ದರು. ಮಾಸ್ಟರು ಬಟ್ಟೆ ಹಾಸಿ, ಚಾಕ್‌ಪೀಸಿನಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿ ಎತ್ತಿಕೊಂಡರು. ಎರಡು ಕಚ್ಚು ಹೋಗುವಷ್ಟರಲ್ಲಿ ಕತ್ತರಿ ಬೆರಳಿಂದ ಜಾರಿ, ಮೇಜಿಗೆ ಬಡಿದು, ಟೀಚರ ಕಾಲ ಪಕ್ಕ ಬಿತ್ತು. ಹೆಕ್ಕಿಕೊಳ್ಳಲು ಕುಕ್ಕರಗಾಲಲ್ಲಿ ಕೂತ ಮಾಸ್ಟರು ಏಳಲಿಲ್ಲ. ಏಳಲು ಆಗಲಿಲ್ಲ. ಹೆಂಡತಿ ಒಂದು ರಟ್ಟೆ, ಟೀಚರು ಒಂದು ರಟ್ಟೆ ಹಿಡಿದು ಎಬ್ಬಿಸಿದರು. ಹೆಂಡತಿಯ ಬೆರಳು ರಟ್ಟೆಯ ಸುತ್ತ ಹೆಚ್ಚುಕಡಿಮೆ ಕೂಡಿಕೊಂಡವು. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು ತನ್ನ ಬೆರಳುಗಳನ್ನೇ ಒಂದು ಕ್ಷಣ ನೋಡಿದಳು.

ಮರುದಿನ ಸೀಟಿ ರಜೆ ಹಾಕಿ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಲಿವರ್ ಡಾಕ್ಟರು ನೋಡಿ ಮುಖ ಸಣ್ಣ ಮಾಡಿಕೊಂಡು ಮತ್ತೆ ಮೂರನೇ ಮಹಡಿಗೆ ಕಳಿಸಿದರು. ಅದೇ ಕೋಣೆ, ಅದೇ ಪ್ಲಾಸ್ಟಿಕ್ ಮೊಟ್ಟೆ, ಅದೇ ಮೇಡಮ್ಮು. ಈ ಸಲ ಜನ ಕಮ್ಮಿ. ತೂಕದ ಯಂತ್ರ ಎಪ್ಪತ್ತಾರು ಎಂದಿತು.

"ಇದರಲ್ಲಿ ನೀವು ಎಷ್ಟು, ನೀರು ಎಷ್ಟು?" ಎಂದರು ಮೇಡಮ್ಮು, ತಮ್ಮಷ್ಟಕ್ಕೆ ತಾವೇ. ಬಗ್ಗಿ ಮಾಸ್ಟರ ಕಣಕಾಲನ್ನು ಹೆಬ್ಬೆರಳಲ್ಲಿ ಒತ್ತಿದರು. ಗುಳಿ ಬಿದ್ದು ಹಾಗೇ ನಿಂತಿತು. ಹೊಟ್ಟೆ ತಟ್ಟಿ ನೋಡಿದರು. ಮಾಸ್ಟರ ಕೈ ತಿರುಗಿಸಿ, ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಒತ್ತಿದರು. ಕತ್ತರಿ ಹಿಡಿದು ಹಿಡಿದು ಒಂದು ಕಾಲದಲ್ಲಿ ಗಡ್ಡೆಯಂತಿದ್ದ ಜಾಗ ಈಗ ಒಳಕ್ಕೆ ಇಳಿದಿತ್ತು. ಆಮೇಲೆ ಕೋಟಿನ ಜೇಬಿನಿಂದ ಟೇಪು ತೆಗೆದರು.

ಟೇಪು ಕಂಡ ಕೂಡಲೇ ಮಾಸ್ಟರಿಗೆ ಜೀವ ಬಂತು. ಮೇಡಮ್ಮು ಅಂಗಿಯ ತೋಳು ಮೇಲಕ್ಕೆ ಸರಿಸಿ, ಭುಜದ ಮೂಳೆಯಿಂದ ಮೊಣಕೈಗೆ ಅಳೆದು, ನಡುಮಧ್ಯೆ ಪೆನ್ನಿನಲ್ಲಿ ಚುಕ್ಕೆ ಇಟ್ಟು, ಅಲ್ಲಿ ರಟ್ಟೆಗೆ ಸುತ್ತಿದರು.

"ಟೇಪು ಹಂಗಲ್ಲ ಹಿಡಿಯೋದು ಮೇಡಮ್. ಒಂದು ಕಡೆ ಓರೆಯಾಗಿದೆ, ಜಾಸ್ತಿ ತೋರಿಸುತ್ತೆ."

"ಅಪ್ಪಾ!" ಎಂದಳು ಸೀಟಿ.

"ಇರ್ಲಿ ಬಿಡಮ್ಮ, ಕಲಿಯೋಣ," ಎಂದು ಮೇಡಮ್ಮು ನಕ್ಕು ಸರಿಪಡಿಸಿಕೊಂಡರು. "ಈಗ ಸರೀನಾ?"

"ಈಗ ಸರಿ. ಎಂಟೂಮುಕ್ಕಾಲು ಇಂಚು. ನೋಡ್ಕೊಳ್ಳಿ."

ಮೇಡಮ್ಮು ಬಗ್ಗಿ ಟೇಪು ತಿರುಗಿಸಿ ಇಂಚಿನ ಕಡೆ ಓದಿದರು. ಎಂಟೂಮುಕ್ಕಾಲು. ಮಾಸ್ಟರು ಮಗಳ ಕಡೆ ನೋಡಿ ಹುಬ್ಬು ಹಾರಿಸಿದರು. ಈ ಮನುಷ್ಯ ಜೀವನದಲ್ಲಿ ಗೆದ್ದದ್ದೆಲ್ಲ ಇಂಥ ಕಾಲು ಇಂಚುಗಳಲ್ಲೇ. ಆದರೆ ಮೇಡಮ್ಮು ನಗಲಿಲ್ಲ.

"ನೀವು ಆ ಕಡೆ ನೋಡ್ತಾ ಇದ್ರಿ ಮಾಸ್ಟರೇ. ನಿಮ್ಮ ತೋಳು ನಿಮಗೆ ಕಾಣಿಸ್ತಾನೇ ಇರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಹೆಂಗೆ ಗೊತ್ತು?"

ಮಾಸ್ಟರು ಮೇಲೆ ಸರಿಸಿದ ಅಂಗಿತೋಳನ್ನು ಕೆಳಗೆ ಎಳೆದುಕೊಂಡರು. ಉತ್ತರ ಹೇಳಿದವಳು ಹೆಂಡತಿ. "ಹೋದ ವಾರ ತೋಳು ಹಿಡಿದ್ರಲ್ಲ," ಎಂದಳು, ಯಾವ ಕೇಡೂ ಅರಿಯದೆ.

"ತೋಳು ಹಿಡಿಯೋದು ಅಂದ್ರೆ?"

"ಅಂಗಿ ತೋಳು. ಲೂಸ್ ಆಗಿತ್ತು, ಒಳಗೆ ತಗೊಂಡ್ರು."

ಮೇಡಮ್ಮು ಕುರ್ಚಿ ಎಳೆದು ಹತ್ತಿರ ಕೂತರು. "ಅಂಗಿ ಬಿಚ್ಚಿ," ಎಂದರು. ಬಿಚ್ಚಿದ ಅಂಗಿಯನ್ನು ಒಳಮಗ್ಗುಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿದರು. ತೋಳಿನ ಉದ್ದಕ್ಕೂ ಸೂಜಿ ಹಾದ ತೂತುಗಳ ಸಾಲು, ಹಳೆಯ ಹೊಲಿಗೆ ಬಿಚ್ಚಿದ ಗುರುತು. ಒಂದಲ್ಲ, ನಾಲ್ಕು. ಪ್ಯಾಂಟಿನ ಸೊಂಟಪಟ್ಟಿಯಲ್ಲೂ ನಾಲ್ಕು, ಅವು ಹೊರಗೆ ಹೊರಗೆ ಸರಿದವು. ಬರಿ ಮೈಯಲ್ಲಿ ಕೂತ ಮಾಸ್ಟರ ಮೇಲೆ ಆ ಬೆಳಕೇ ಬಿದ್ದಿತ್ತು. ಕೊರಳೆಲುಬಿನ ಹಿಂದೆ ನೀರು ನಿಲ್ಲುವಷ್ಟು ಹಳ್ಳ, ಕೋಲಿನಂಥ ಎರಡು ತೋಳು, ನಡುವೆ ಬಿಗಿದ ಹೊಟ್ಟೆ. ಸೀಟಿ ಅಪ್ಪನನ್ನು ಅಂಗಿಯಿಲ್ಲದೆ ಕಂಡು ವರ್ಷಗಳಾಗಿದ್ದವು. ಕೂಗುಬಾಯಿಯ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

"ಮೊದಲು ಎಷ್ಟಿತ್ತು ಈ ತೋಳು?"

"ಪುಸ್ತಕದಲ್ಲಿದೆ," ಎಂದರು ಮಾಸ್ಟರು, ನೆಲ ನೋಡುತ್ತಾ. "ಹನ್ನೊಂದೂವರೆ."

ಮೇಡಮ್ಮು ಹಿಂದಿನ ಕಾಗದ ತೆಗೆದರು. ಬಟ್ಟೆ ಲೂಸಾಗಿಲ್ಲ ಎಂಬಲ್ಲಿ ತಾವೇ ಎಳೆದ ಗೀಟನ್ನು ನೋಡಿದರು. "ತಪ್ಪು ನಂದು," ಎಂದರು. "ಹೊಟ್ಟೇಲಿ ನೀರಿರೋರ ತೂಕ ನಂಬಬಾರ್ದು, ತೋಳು ಅಳೀಬೇಕು, ಕೈಹಿಡಿತ ನೋಡ್ಬೇಕು ಅಂತ ನಾನೇ ಬೇರೆಯವರಿಗೆ ಪಾಠ ಮಾಡ್ತೀನಿ. ಅವತ್ತು ಸಾಲು ಉದ್ದ ಇತ್ತು, ನಿಮ್ಮ ಅಂಗಿ ಚೆನ್ನಾಗಿತ್ತು." ಆಮೇಲೆ ಲೆಕ್ಕ ಹಾಕಿ ಹೇಳಿದರು: ಎಪ್ಪತ್ತಾರರಲ್ಲಿ ಹದಿನೈದರಷ್ಟು ನೀರು. ಮಾಸ್ಟರು ಅರವತ್ತೊಂದು, ಅದೂ ಅಂದಾಜು.

ಹಿಡಿತ ಅಳೆಯುವ ಹಿಡಿಕೆಯೊಂದನ್ನು ಕೈಗೆ ಕೊಟ್ಟು, ಶಕ್ತಿಯೆಲ್ಲ ಹಾಕಿ ಹಿಸುಕಿ ಎಂದರು. ಮಾಸ್ಟರು ಹಲ್ಲುಕಚ್ಚಿ ಹಿಸುಕಿದರು. ಹದಿನೇಳು ಕಿಲೋ. ಇಪ್ಪತ್ತೇಳಾದರೂ ಬರಬೇಕಿತ್ತಂತೆ. ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿ, ಎದೆಯ ಮೇಲೆ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂರಿ ಎಂದರು. ಎರಡು ಸಲ ಎದ್ದರು. ಮೂರನೆಯದಕ್ಕೆ ತೊಡೆ ನಡುಗಿ, ಅರ್ಧ ಎದ್ದವರು ದೊಪ್ಪನೆ ಕೂತುಬಿಟ್ಟರು.

"ಹಿಂಗಿದ್ರೆ ಆಪರೇಷನ್ ಟೇಬಲ್ ಮೇಲೆ ಮಲಗಿಸಲ್ಲ," ಎಂದರು ಮೇಡಮ್ಮು. "ಮಲಗಿಸಿದ್ರೆ ಎಬ್ಬಿಸೋದು ಕಷ್ಟ. ಹತ್ತು ವಾರ ಕೊಡ್ತಾರೆ. ಅಷ್ಟರಲ್ಲಿ ಈ ಕುರ್ಚಿಯಿಂದ ಐದು ಸಲ ಏಳ್ಬೇಕು. ಊಟ ಏನು ಮಾಡ್ತಿದ್ದೀರಿ?"

ಹೆಂಡತಿ ಹೆಮ್ಮೆಯಿಂದಲೇ ಹೇಳಿದಳು. ತಿಳಿಗಂಜಿ, ಬೇಯಿಸಿದ ತರಕಾರಿ, ಒಂದು ಕಾಳೂ ಬೀಳದ ತಟ್ಟೆ. ಹೇಳುತ್ತಾ ಹೇಳುತ್ತಾ ಮೇಡಮ್ಮಿನ ಮುಖ ನೋಡಿ ಆಕೆಯ ದನಿ ಇಳಿಯಿತು. "ತಪ್ಪಾಯ್ತಾ?" ಎಂದು ಕೇಳಿದಳು. ಮೇಡಮ್ಮು ಬೈಯಲಿಲ್ಲ. ಲಿವರ್ ಕೆಟ್ಟವರಿಗೆ ಬೇರೆಯವರಿಗಿಂತ ಜಾಸ್ತಿ ಬೇಳೆ, ಮೊಟ್ಟೆ, ಹಾಲು ಬೇಕು. ಉಪ್ಪು ಒಂದೇ ಹಿಡಿತದಲ್ಲಿರಲಿ. ಹಸಿದು ಕೂತರೆ ಮೈ ತನ್ನ ಮಾಂಸವನ್ನು ತಾನೇ ಕರಗಿಸಿಕೊಳ್ಳುತ್ತದೆ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ, ಮಲಗುವಾಗಲೂ ಒಂದಿಷ್ಟು ಕೊಟ್ಟೇ ಮಲಗಿಸಿ ಎಂದು ಬಿಡಿಸಿ ಹೇಳಿದರು. ಹೆಂಡತಿ ಎಲ್ಲಕ್ಕೂ ತಲೆಯಾಡಿಸಿದಳು.

ಮನೆಗೆ ಬಂದವಳೇ ಅಳತೆ ಪುಸ್ತಕ ತೆಗೆದು ಮಾಸ್ಟರ ಪುಟ ಬಿಡಿಸಿದಳು. ಮಾಸ್ಟರದೇ ಮುದ್ದಾದ ಅಕ್ಷರ. ತೋಳು ಹನ್ನೊಂದೂವರೆ, ಹತ್ತೂಮುಕ್ಕಾಲು, ಹತ್ತು, ಒಂಬತ್ತೂಕಾಲು, ಎಂಟೂಮುಕ್ಕಾಲು. ಸೊಂಟ ಮೂವತ್ನಾಲ್ಕರಿಂದ ನಲವತ್ತೆರಡು. ಎಲ್ಲಕ್ಕೂ ತಾರೀಖು.

"ಬೇರೆಯವರ ಪುಟದಲ್ಲಿ ಇಷ್ಟು ಇಳಿದಿದ್ರೆ ನೀವು ಏನಂತಿದ್ರಿ?" ಎಂದಳು.

ಮಾಸ್ಟರು ಪುಸ್ತಕ ಮುಚ್ಚಲು ಕೈ ಚಾಚಿದರು, ಆಕೆ ಬಿಡಲಿಲ್ಲ.

"ಡಾಕ್ಟರ ಹತ್ರ ಓಡಿ ಅಂತಿದ್ರಿ. ಬೀದಿಗೆಲ್ಲ ಹೇಳ್ತೀರಿ. ನಾನೂ ಕುರುಡಿ. ಆ ತೋಳಿನ ಗುಂಡಿ ನಾಲ್ಕು ಸಲ ಕಿತ್ತು ನಾಲ್ಕು ಸಲ ಹಾಕಿದ್ದು ಇದೇ ಕೈ." ಆಕೆ ಪುಸ್ತಕ ಮುಚ್ಚಿದಳು. "ನಿಮಗೆ ಗೊತ್ತಿತ್ತಾ?"

ಎರಡು ವರ್ಷದಿಂದ ಮಾಸ್ಟರು ತಮ್ಮನ್ನು ತಾವೇ ಕೇಳಿಕೊಳ್ಳದೆ ತಪ್ಪಿಸಿಕೊಂಡು ಬಂದ ಪ್ರಶ್ನೆ ಅದು. ಅಂಗಿ ಸರಿಯಾಗಿರಬೇಕು ಎಂಬ ಹಠ ನಿಜ. ಆದರೆ ಒಂಬತ್ತೂಕಾಲು ಎಂದು ಬರೆದ ದಿನ ಪೆನ್ನು ಹಿಡಿದ ಕೈ ಒಮ್ಮೆ ನಿಂತಿತ್ತು. ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ಹೇಳಿದರೆ ತಿನ್ನಿಸಿ ಮೈ ಗಟ್ಟಿಮಾಡುತ್ತಾರೆ, ಗಟ್ಟಿಯಾದರೆ ದಿನ ಗೊತ್ತುಮಾಡುತ್ತಾರೆ, ಆ ದಿನ ಸೀಟಿಯನ್ನು ಪಕ್ಕದ ಮೇಜಿನ ಮೇಲೆ ಮಲಗಿಸುತ್ತಾರೆ. ಪೆನ್ನು ಮುಂದುವರಿದಿತ್ತು.

"ಅರ್ಧ ಗೊತ್ತಿತ್ತು," ಎಂದರು. "ನಾನು ಉಳಿಯೋದು ಅಂದ್ರೆ ಅವಳನ್ನ ಕುಯ್ಯೋದೇ ಅಲ್ವೇನೇ? ಈ ಕೈಯಲ್ಲಿ ಅವಳ ಮೊದಲ ಲಂಗ ಹೊಲಿದಿದ್ದೀನಿ. ಆಗ ಸೊಂಟ ಹದಿನೆಂಟು ಇಂಚು."

"ಅವಳ ಲಿವರ್ ಬೆಳೆಯುತ್ತಂತೆ. ನೀವು ಹೋದ್ರೆ ಇನ್ನೊಬ್ರು ಬೆಳೀತೀರಾ?"

ಅಷ್ಟು ಹೇಳಿ ಆಕೆ ಪರದೆಯಾಚೆ ಹೋಗಿ ಒಲೆ ಹಚ್ಚಿದಳು. ಸ್ವಲ್ಪ ಹೊತ್ತಿಗೆ ಎರಡು ಮೊಟ್ಟೆ ಬೇಯಿಸಿ ತಂದು ಮೇಜಿನ ಮೇಲೆ ಇಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಮಾಸ್ಟರು ಒಂದನ್ನು ತಿಂದರು, ಇನ್ನೊಂದರಲ್ಲಿ ಅರ್ಧ ತಿಂದು ಉಸಿರು ಬಿಟ್ಟುಕೊಂಡು ಕೂತರು. ಆಮೇಲೆ ಬ್ಲೇಡು ತೆಗೆದುಕೊಂಡು ತಮ್ಮ ಅಂಗಿಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ, ಭುಜದ, ತೋಳಿನ ಹೊಲಿಗೆ ಬಿಚ್ಚಿ, ಮೊದಲ ತೂತುಗಳ ಮೇಲೇ ಮತ್ತೆ ಹೊಲಿದರು. ಹನ್ನೊಂದೂವರೆಗೆ.

ಮಾರನೆಯ ದಿನದಿಂದ ಅವರು ಜೋಲು ಅಂಗಿಯ ಟೈಲರು. ಭುಜ ಮೊಣಕೈ ಕಡೆಗೆ ಇಳಿದಿದೆ, ತೋಳಿನೊಳಗೆ ಇನ್ನೊಂದು ಕೈ ತೂರಿಸುವಷ್ಟು ಜಾಗ. ಬಾಗಿಲಲ್ಲಿ ನಿಂತ ಗಿರಾಕಿಗಳು ಮಾತು ಮರೆತು ನೋಡುವರು. ಹೊಟ್ಟೆಯ ಬಗ್ಗೆ ಕಿಚಾಯಿಸುತ್ತಿದ್ದವರು ಈಗ ಕಣ್ಣು ತಪ್ಪಿಸುವರು. ಇಬ್ಬರು ಬಟ್ಟೆ ವಾಪಸ್ಸು ತೆಗೆದುಕೊಂಡು ಹೋದರು. ಮಾಸ್ಟರಿಗೆ ಬೆತ್ತಲೆ ಕೂತ ಹಾಗೆ ನಾಚಿಕೆಯಾಗುತ್ತಿತ್ತು, ಆದರೂ ಸೂಜಿ ಮುಟ್ಟಲಿಲ್ಲ.

ಹತ್ತು ವಾರ ತಿನ್ನುವುದೇ ಕೆಲಸವಾಯಿತು. ಆಸ್ಪತ್ರೆಯಲ್ಲಿ ಎರಡು ಸಲ ಹೊಟ್ಟೆಯ ನೀರು ತೆಗೆದರು, ಎರಡು ಸಲವೂ ಅದು ತಿರುಗಿ ಬಂತು. ನೀರು ತೆಗೆದ ನಾಲ್ಕು ದಿನ ಊಟ ಇಳಿಯುತ್ತಿತ್ತು, ಆಮೇಲೆ ಮತ್ತೆ ಅದೇ ಗಂಟಲು ಕಟ್ಟುವ ಹಿಂಸೆ. ಹೆಂಡತಿ ಗಡಿಯಾರ ನೋಡಿಕೊಂಡು ತಟ್ಟೆ ತರುವಳು. ಬೇಳೆ, ಮೊಟ್ಟೆ, ಹಾಲು, ಕಡಲೆಕಾಯಿ. ಮ‌ಲಗುವ ಮುಂಚೆ ಬ್ರೆಡ್ಡು. ಉಪ್ಪಿಲ್ಲದ ಬೇಳೆ ತಿಂದು ನೋಡಿದವರಿಗೇ ಅದರ ಕಷ್ಟ ಗೊತ್ತು. "ಪಥ್ಯದಲ್ಲೂ ನೀನೇ ಪೊಲೀಸು, ಊಟದಲ್ಲೂ ನೀನೇ ಪೊಲೀಸು," ಎಂದು ಮಾಸ್ಟರು ರೇಗುವರು. "ಬಾಯಿ ತೆಗೀರಿ," ಎನ್ನುವಳು ಆಕೆ. ಮೇಲ್ಮಹಡಿಯ ಅಜ್ಜಿ ಇಳಿದು ಬಂದು, ಗಂಡನನ್ನು ಕೈಯಾರೆ ಕೊಲ್ಲುತ್ತಿದ್ದೀಯಾ ಎಂದು ಗದರಿದಾಗ, ಯಾರ ಮುಂದೂ ದನಿಯೆತ್ತದ ಆ ಹೆಂಗಸು ಅಜ್ಜಿಗೆ ಬಾಗಿಲು ತೋರಿಸಿದಳು. ಮಾಸ್ಟರು ಕತ್ತರಿಸುವ ಮೇಜಿನ ಅಂಚು ಹಿಡಿದು ಏಳುವ, ಕೂರುವ ಅಭ್ಯಾಸ ಮಾಡಿದರು. ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಬರಿ ಬೆರಳು ತಾಗಿಸಿ.

ಹತ್ತನೆಯ ವಾರ ಮೂವರೂ ಮೂರನೇ ಮಹಡಿಗೆ ಹೋದರು. ಮೇಡಮ್ಮು ಜೋಲು ಅಂಗಿ ನೋಡಿ ಟೇಪು ಮಾಸ್ಟರ ಕೈಗೇ ಕೊಟ್ಟರು. ಒಂಬತ್ತಕ್ಕೆ ಕೂದಲೆಳೆಯಷ್ಟು ಕಮ್ಮಿ. ಹಿಡಿತ ಇಪ್ಪತ್ತೊಂದು. "ಇನ್ನು ಕುರ್ಚಿ," ಎಂದರು ಮೇಡಮ್ಮು.

ಸೀಟಿ ಕುರ್ಚಿಯ ಎದುರಿಗೆ ಬಂದು ನಿಂತಳು. ಬಸ್ಸಿನಲ್ಲಿ ಜನ ಎಣಿಸುವ ಗಂಟಲಲ್ಲಿ ಎಣಿಸತೊಡಗಿದಳು. ಒಂದು. ಎರಡು. ಮೂರಕ್ಕೆ ತೊಡೆ ಉರಿಯಿತು. ನಾಲ್ಕಕ್ಕೆ ಕಣ್ಣು ಕತ್ತಲೆ ಬಂದು, ಕೂತ ಮಾಸ್ಟರು ಕುರ್ಚಿಯಲ್ಲೇ ಉಳಿದುಬಿಟ್ಟರು. ಎದುರಿಗೆ ಮಗಳು, ಖಾಕಿ ಅಂಗಿ, ಬೆಲ್ಟು. ಅವರ ಹಾಳು ಕಣ್ಣು ಬೇಡವೆಂದರೂ ಕೇಳದೆ ಅಳೆಯಿತು: ಎದೆ ಮೂವತ್ತೆರಡು, ಸೊಂಟ ಇಪ್ಪತ್ತೆಂಟು. ಬೆಲ್ಟಿನ ಮೇಲೆ, ಪಕ್ಕೆಲುಬಿನ ಕೆಳಗೆ, ಗೆರೆ ಎಲ್ಲಿ ಬರುತ್ತದೆ ಎಂಬುದೂ ಕಾಣಿಸಿತು. ಈಗ ಏಳದಿದ್ದರೆ ಸಾಕು. ಆಗಲಿಲ್ಲ ಅಂದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ಬೈಯುವುದಿಲ್ಲ.

"ಅಪ್ಪಾ," ಎಂದಳು ಸೀಟಿ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಮಾಸ್ಟರು ಕೇಳಿರಲೇ ಇಲ್ಲ. "ಇನ್ನೊಂದೇ ಒಂದು."

ಮಾಸ್ಟರು ಎದ್ದರು.

ಸೀಟಿ ಐದು ಎಂದು ಕೂಗಿದ್ದು ಕಾರಿಡಾರಿನ ಕೊನೆಯ ತನಕ ಕೇಳಿಸಿತು. ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೇಡಮ್ಮು ಕಾಗದದ ಮೇಲೆ ಬರೆದು, ಈ ಸಲ ಕೆಳಗೆ ಸಹಿಯನ್ನೂ ಹಾಕಿ, ಡಾಕ್ಟರಿಗೆ ಫೋನು ಮಾಡಿದರು. ದಿನ ಗೊತ್ತಾಯಿತು. ಇನ್ನು ಹನ್ನೆರಡು ದಿನ.

ಅಂಗಡಿಗೆ ಬಂದ ಮೇಲೆ ಮಾಸ್ಟರು ಮೆತ್ತನೆಯ ಬಿಳಿ ಹತ್ತಿಬಟ್ಟೆ ತೆಗೆದು ಮೇಜಿನ ಮೇಲೆ ಹಾಸಿದರು. ಸೀಟಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ ಕುತ್ತಿಗೆಯ ಟೇಪು ಕೈಗೆ ತೆಗೆದುಕೊಂಡರು.

"ಕಣ್ಣಲ್ಲೇ ಅಳೀತೀಯಲ್ಲ, ಟೇಪು ಯಾಕೆ?" ಎಂದಳು ಸೀಟಿ.

"ಇದಕ್ಕೆ ಕಣ್ಣು ಸಾಲಲ್ಲ. ನೆಟ್ಟಗೆ ನಿಲ್ಲು."

ಅವರು ನಿಧಾನವಾಗಿ ಅಳೆದರು. ಒಂದೊಂದು ಅಳತೆಯನ್ನೂ ಗಟ್ಟಿಯಾಗಿ ಹೇಳಿದರು, ಹೆಂಡತಿ ಪುಸ್ತಕದಲ್ಲಿ ಬರೆದುಕೊಂಡಳು. ಎದೆ ಮೂವತ್ತೆರಡು. ತೋಳು ಹತ್ತೂಕಾಲು. ಸೊಂಟಕ್ಕೆ ಬಂದಾಗ ಟೇಪು ಸುತ್ತಿ, ಓದಿ, ಹಾಗೇ ಹಿಡಿದುಕೊಂಡರು. ಮೇಲೆ ಯಾರೋ ಮೆಟ್ಟಿಲು ಇಳಿದು ಹೋದರು.

"ಎಷ್ಟು ಅಂತ ಬರೀಲಿ?" ಎಂದಳು ಹೆಂಡತಿ.

"ಇಪ್ಪತ್ತೆಂಟು," ಎಂದರು ಮಾಸ್ಟರು. "ಬರ್ಕೋ, ಮೂವತ್ತೆಂಟು, ಸಡಿಲ ಇರ್ಲಿ. ಮುಂದೆ ಪೂರ್ತಿ ಬಿಚ್ಚೋ ಹಂಗಿರ್ಲಿ, ಹೊಲಿಗೆ ಎಲ್ಲೂ ಹೊಟ್ಟೆ ಮೇಲೆ ಬರಬಾರ್ದು. ಗಾಯಕ್ಕೆ ಒತ್ತುತ್ತೆ."